ಹಂಚಿನ ಮನೆಯ ಅಡ್ಡ ತೊಲೆ ತೆಗೆದು ಚಾವಡಿಯನ್ನು ಮಾಡಿನವರೆಗೂ ತೆರೆದಿಡಬಹುದಾ?

ಸುಮ್ನೆ ತೆಗೆಯಬೇಡಿ. ಆ ತೊಲೆ ಇರುವುದು ಮುಚ್ಚಿಗೆ ಹೊರುವುದಕ್ಕೆ ಮಾತ್ರ ಅಲ್ಲ. ಪಕ್ಕಾಸುಗಳ (ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿಯುವ ಮರಗಳ) ಬುಡ ಹೊರಕ್ಕೆ ಜಾರದಂತೆ ಎರಡೂ ಕಡೆ ಎಳೆದು ಹಿಡಿದಿರುವುದು ಅದೇ.

ಬದಿಯಡ್ಕದ ಹತ್ತಿರ ನಮ್ಮ ನೆಂಟರ ಮನೆಯಲ್ಲಿ ಹೀಗೆ ತೆಗೆದಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಮೇಲಿನ ಮೂರು ವರಸೆ ಕೆಂಪುಕಲ್ಲು ಹೊರಗೆ ವಾಲಿತ್ತು, ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು. ಕೆಂಪುಕಲ್ಲಿನ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ. ಪಕ್ಕಕ್ಕೆ ತಳ್ಳಿದರೆ ಅದಕ್ಕೆ ತಡೆಯಲು ಆಗುವುದಿಲ್ಲ.

ತೊಲೆ ಇಲ್ಲದಾಗ, ಇಳಿಜಾರು 45 ಡಿಗ್ರಿ ಇದ್ದರೆ ಒಂದೊಂದು ಗೋಡೆಯನ್ನು ತಳ್ಳುವ ಬಲ ಮಾಡಿನ ಒಟ್ಟು ಭಾರದ ಕಾಲು ಭಾಗ. 30 ಡಿಗ್ರಿ ಆದರೆ ಸುಮಾರು ಶೇಕಡಾ 43. ತೊಲೆಯನ್ನು ಮಾಡಿನ ಅರ್ಧ ಎತ್ತರಕ್ಕೆ ಏರಿಸಿದರೆ ಸಾಕಲ್ವಾ? ಆಗ ಅದರ ಮೇಲಿನ ಎಳೆತ ಎರಡು ಪಟ್ಟಾಗುತ್ತದೆ, ಪಕ್ಕಾಸು ಬಾಗುವುದೂ ಜಾಸ್ತಿ.

ನನಗೆ ಹೆಚ್ಚು ಭರವಸೆ ಇರುವ ದಾರಿ, ಮಾಡಿನ ನೆತ್ತಿಗೆ ಬಾಗದಂತಹ ದಪ್ಪ ತೊಲೆ ಕೊಟ್ಟು, ಅದರ ತುದಿಗಳನ್ನು ಕಂಬ ಅಥವಾ ತ್ರಿಕೋನ ಗೋಡೆಯ ಮೇಲೆ ಕೂರಿಸುವುದು. ಪಕ್ಕಾಸಿನ ಮೇಲ್ತುದಿಯ ಭಾರ ಅದಕ್ಕೆ ಇಳಿಯುತ್ತದೆ, ಗೋಡೆಗೆ ತಳ್ಳಾಟವಿಲ್ಲ. ಕಂಬ ಬೇಡ ಅಂದರೆ ಕತ್ತರಿ ಟ್ರಸ್ಸು, ಅಂದರೆ ಮಾಡು ಹೊರುವ ಮರದ ಚೌಕಟ್ಟು: ಅದರಲ್ಲಿ ಕೆಳಗಿನ ಮರಗಳೂ ಕತ್ತರಿಯಂತೆ ಓರೆಯಾಗಿ ಹಾಯುತ್ತವೆ. ಅದೂ ಭಾರಕ್ಕೆ ಸ್ವಲ್ಪ ಅಗಲುತ್ತದೆ, ಹಾಗಾಗಿ ಗೋಡೆಯ ತಲೆಗೆ ಕಾಂಕ್ರೀಟ್ ಬೆಲ್ಟ್ ಹಾಕಿಸಿ. ಮರದ ಅಳತೆ, ಬೋಲ್ಟಿನ ಲೆಕ್ಕ ಎರಡನ್ನೂ ಇಂಜಿನಿಯರ್ ಕೈಯಲ್ಲಿ ಮಾಡಿಸಿ. ಹಳೆ ತೊಲೆಗೆ ಗರಗಸ ಇಡುವ ಮೊದಲು ಹಂಚು ಇಳಿಸಿ, ಮಾಡಿಗೆ ಊರೆ (ತಾತ್ಕಾಲಿಕ ಆಧಾರ) ಕೊಡಿ.