ಅವ್ವನ ಮನೆ ಅವ್ವನ ಹೆಸರಿನಲ್ಲೇ ಇರಲಿ

ಪ್ರಶ್ನೆ: ನಮ್ಮ ಅವ್ವನಿಗೆ 76 ವರ್ಷ. ಪಾರ್ಶ್ವವಾಯು ಹೊಡೆದು ಎಂಟು ತಿಂಗಳಾಯಿತು. ಬಲಗೈ ಏಳುವುದಿಲ್ಲ, ಬುದ್ಧಿ ಚುರುಕಾಗಿಯೇ ಇದೆ. ನೋಡಿಕೊಳ್ಳುವ ಹೆಣ್ಣುಮಗಳ ಪಗಾರ, ಔಷಧ ಸೇರಿ ತಿಂಗಳಿಗೆ 25 ಸಾವಿರ ಹೋಗುತ್ತಿದೆ. ಇರುವುದೊಂದೇ ಆಸ್ತಿ, ವಿಜಯಪುರದ ಮನೆ. ಉತಾರದಲ್ಲಿ (ಆಸ್ತಿಯ ದಾಖಲೆ) ಅವ್ವನ ಹೆಸರಿದೆ. ‘ಖರ್ಚಿನಲ್ಲಿ ಮನೆ ಕರಗುವ ಮೊದಲು ನನ್ನ ಹೆಸರಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಸಿ’ ಎನ್ನುತ್ತಾನೆ ತಮ್ಮ. ಮಾಡಿಸಬೇಕೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಬೇಡ. ಆರೈಕೆಗೆ ಖರ್ಚಾಗುತ್ತಿದೆ ಎಂದು ನಮ್ಮಲ್ಲಿ ಸರ್ಕಾರ ಮನೆಗೆ ಕೈಹಾಕುವುದಿಲ್ಲ. ಮನೆ ಕೈಬಿಡುವುದು ಹೆಚ್ಚಾಗಿ ಅದನ್ನು ಅಡವಿಟ್ಟು ದುಬಾರಿ ಬಡ್ಡಿಗೆ ಸಾಲ ತಂದಾಗ, ಇಲ್ಲವೆ ಜೀವವಿರುವಾಗಲೇ ಬರೆದುಕೊಟ್ಟಾಗ. ನೋಂದಣಿಯಾದ ಬಕ್ಷೀಸ್ ಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂದೆ ಪಡೆಯಲಾಗದು. ನಾಳೆ ನಿಮ್ಮ ತಮ್ಮ ಸಾಲದಲ್ಲಿ ಬಿದ್ದರೆ ಅವ್ವ ಇರುವ ಮನೆಯ ಮೇಲೇ ಆ ಸಾಲದ ಬೋಜಾ ಕೂಡುತ್ತದೆ.

ಕೊಡಲೇಬೇಕೆಂದು ಅವ್ವನೇ ಹಟ ಹಿಡಿದರೆ, ‘ನಾನು ಇರುವವರೆಗೆ ಇದೇ ಮನೆಯಲ್ಲಿ ವಾಸ, ಊಟ, ಔಷಧ, ಆರೈಕೆ ಒದಗಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದೇನೆ’ ಎಂಬ ಸಾಲು ಪತ್ರದಲ್ಲಿ ಇರಲೇಬೇಕು. ಆಗ ಮಗ ನೋಡಿಕೊಳ್ಳದಿದ್ದರೆ, ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆಸಿದ ಪತ್ರಗಳು ಅಲ್ಲಿ ಕೈಕೊಡಬಹುದು.

ಯಾವುದಕ್ಕೂ ಮೊದಲು ಹಳೆಯ ಕಾಗದ ತೆಗೆದು ನೋಡಿ. ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ಣ ಒಡೆತನ ಬಾರದು. ಮನೆ ಅಪ್ಪನ ಸ್ವಂತ ಗಳಿಕೆಯದಾಗಿದ್ದು, ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವ್ವನಿಗೂ ಎಲ್ಲ ಮಕ್ಕಳಿಗೂ ಸಮಪಾಲು. ಹೆಣ್ಣುಮಕ್ಕಳೂ ಅದರಲ್ಲಿ ಬಂದರು. ಖರೀದಿ ಪತ್ರವೇ ಅವ್ವನ ಹೆಸರಿನಲ್ಲಿದ್ದರೆ ದಾರಿ ಸಲೀಸು.

ಹಾಗಿದ್ದರೆ ತಿಂಗಳ ಖರ್ಚಿಗೆ ಬ್ಯಾಂಕಿನಲ್ಲಿ ರಿವರ್ಸ್ ಮಾರ್ಗೇಜ್ ವಿಚಾರಿಸಿ. 60 ದಾಟಿದವರಿಗೆ, ಸ್ವಂತ ವಾಸದ, ತಕರಾರಿಲ್ಲದ ಮನೆಯ ಮೇಲೆ ಬ್ಯಾಂಕು ಕಂತುಕಂತಾಗಿ ಹಣ ಕೊಡುತ್ತದೆ. ಅವ್ವ ಆ ಮನೆಯಲ್ಲಿ ಇರುವವರೆಗೆ ತೀರಿಸಬೇಕಿಲ್ಲ; ಅವರ ನಂತರ ಮಕ್ಕಳು ಅಸಲು, ಬಡ್ಡಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು. ಬಡ್ಡಿ ಮೇಲೆ ಬಡ್ಡಿ ಬೆಳೆಯುತ್ತದೆ, ಆದ್ದರಿಂದ ಬೇಕಾದಷ್ಟೇ ತೆಗೆದುಕೊಳ್ಳಿ. ಗೋಡೆ, ಮಾಳಿಗೆ ತೀರಾ ಹಳತಾಗಿದ್ದರೆ ಬ್ಯಾಂಕು ಒಪ್ಪುವುದು ಕಷ್ಟ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಮನೆಯಲ್ಲಿ ನೋಡಿಕೊಳ್ಳುವವರ ಪಗಾರ ಅದರಲ್ಲಿ ಬರುವುದಿಲ್ಲ.

ತಮ್ಮನ ಚಿಂತೆಗೆ ಮೃತ್ಯುಪತ್ರವಿದೆ. ಅವ್ವ ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಬೇಕು. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಸಹಿ ಬಾರದಿದ್ದರೆ ಎಡಗೈ ಹೆಬ್ಬೆಟ್ಟು ಸಾಕು. ತಿಳಿವಳಿಕೆ ಸರಿಯಿದೆ ಎಂದು ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿಡಿ. ಪಾರ್ಶ್ವವಾಯುವಾದವರ ಪತ್ರದ ಮೇಲೆ ಮುಂದೆ ಬರುವ ಮೊದಲ ತಕರಾರೇ ತಿಳಿವಳಿಕೆ ಸರಿಯಿರಲಿಲ್ಲ ಎಂಬುದು. ಅವ್ವನನ್ನು ಎತ್ತಿಕೊಂಡು ಕಚೇರಿಗೆ ಹೋಗಬೇಕಿಲ್ಲ, ಕಾಯಿಲೆಯ ಕಾರಣ ತೋರಿಸಿ ಅರ್ಜಿ ಕೊಟ್ಟರೆ ಉಪನೋಂದಣಾಧಿಕಾರಿಗಳು ಮನೆಗೇ ಬಂದು ನೋಂದಾಯಿಸಲು ಕಾಯ್ದೆಯಲ್ಲಿ ಅವಕಾಶವಿದೆ.