ಇ53 ಅಂದರೆ ಕಾರ್ಡು ಕೆಟ್ಟಿದೆ ಎಂದಲ್ಲ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿ ಪದವಿಪೂರ್ವ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮಹಿಳೆ. ಇಲ್ಲಿ ‘ಸ’ ಎನ್ನೋಣ; ಗುರುತು ಹತ್ತುವ ವಿವರಗಳನ್ನು ಬದಲಿಸಲಾಗಿದೆ. ರಾತ್ರಿ ನಿದ್ದೆಯಿಲ್ಲ, ಪ್ರಾಂಶುಪಾಲರ ಕೊಠಡಿ ಮುಂದೆ ಹಾಯಲೂ ಅಂಜಿಕೆ. ಲ್ಯಾಬಿಗೆ ತರಿಸಿದ ನೆಟ್‌ವರ್ಕ್ ಕಾರ್ಡುಗಳ ದುಡ್ಡನ್ನು ಸಂಬಳದಲ್ಲಿ ತುಂಬಿಕೊಟ್ಟು ಕೆಲಸ ಬಿಡುವ ಯೋಚನೆಯಲ್ಲಿದ್ದರು.

ಹಾರ್ಡ್‌ಡಿಸ್ಕ್ ಕೈಕೊಟ್ಟ 20 ಯಂತ್ರಗಳನ್ನು ಒಂದೇ ಲಿನಕ್ಸ್ ಸರ್ವರಿನಿಂದ ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸುವ, ಅಂದರೆ ಡಿಸ್ಕಿಲ್ಲದೆ ಎಬ್ಬಿಸುವ, ಯೋಜನೆ ಅವರದೇ. ಸಿಡಿಲಿಗೆ 6 ಯಂತ್ರಗಳ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿದ್ದರಿಂದ ಅವಕ್ಕೆ ಬೇರೆ ಕಾರ್ಡು ಹಾಕಿಸಿದ್ದರು. ಹಲವು ಯಂತ್ರಗಳು ಬೆಳಿಗ್ಗೆ ಎದ್ದರೆ ಮಧ್ಯಾಹ್ನ ಏಳುತ್ತಿರಲಿಲ್ಲ. “ನಿಮ್ಮ ಮಾತು ಕೇಳಿ ತರಿಸಿದ್ವಿ ಮೇಡಂ, ಈಗೇನು ಮಾಡೋಣ?” ಎಂದು ಪ್ರಾಂಶುಪಾಲರು ಎಲ್ಲರೆದುರು ಕೇಳಿದ್ದು ಮನಸ್ಸಿಗೆ ನಾಟಿತ್ತು.

“ಯಾವುದೂ ಆಗ್ತಿಲ್ಲ ಸರ್” ಎಂಬುದು ಅವರ ಮೊದಲ ಮಾತು. ಫೋನಿನಲ್ಲಿದ್ದ ಪರದೆಯ ಚಿತ್ರಗಳು ಬೇರೆಯೇ ಹೇಳುತ್ತಿದ್ದವು: ಅಲ್ಲಿದ್ದುದು ಒಂದು ಸೋಲಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷ. ಮನಸ್ಸಿನ ಮಾತಿಗೆ ಬಂದವರೊಡನೆ ತಂತಿ, ಕಾರ್ಡಿನ ಮಾತಾಡುವುದು ನಮ್ಮಲ್ಲಿ ರೂಢಿಯಲ್ಲ. ಆದರೆ ಇವರ ಭಯವೆಲ್ಲ ಪರದೆಯ ಒಂದು ಸಾಲಿಗೆ ಜೋತುಬಿದ್ದಿತ್ತು. ಆ ಸಾಲನ್ನು ಓದದೆ ‘ಧೈರ್ಯ ತಂದುಕೊಳ್ಳಿ’ ಎಂದರೆ ಉಪಯೋಗವಿರಲಿಲ್ಲ.

11 ಯಂತ್ರಗಳಲ್ಲಿ ಕಾಣುತ್ತಿದ್ದುದು ಪಿಎಕ್ಸ್‌ಇ-ಇ53 ಎಂಬ ದೋಷಸಂಖ್ಯೆ. ಪಿಎಕ್ಸ್‌ಇ ಎಂದರೆ ನೆಟ್‌ವರ್ಕ್ ಮೂಲಕ ಬೂಟ್ ಆಗುವ ವಿಧಾನ. ಬೂಟ್ ಕಡತದ ಹೆಸರು ಬರಲಿಲ್ಲ ಎಂದು ಇದರ ಅರ್ಥ. ಅಂದರೆ ಕಾರ್ಡು (ಇವುಗಳಲ್ಲಿ ಮದರ್‌ಬೋರ್ಡಿನಲ್ಲೇ ಇರುವ ನೆಟ್‌ವರ್ಕ್ ಭಾಗ) ಎದ್ದಿದೆ, ಕೇಬಲ್ ಸರಿಯಿದೆ, ಐಪಿ ವಿಳಾಸವೂ ಸಿಕ್ಕಿದೆ. ‘ಸ’ ಯಾವುದನ್ನು ಕಾರ್ಡು ಕೆಟ್ಟಿದ್ದಕ್ಕೆ ಸಾಕ್ಷಿ ಎಂದುಕೊಂಡಿದ್ದರೋ ಅದು ಕಾರ್ಡು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ. ದೋಷವಿದ್ದದ್ದು ಬೇರೆಡೆ: ಕಚೇರಿಯ ಇಂಟರ್ನೆಟ್ ರೂಟರ್ ಮತ್ತು ಹೊಸ ಸರ್ವರ್ ಎರಡೂ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಉತ್ತರ ಕೊಡುತ್ತಿದ್ದವು. ರೂಟರಿನ ಉತ್ತರ ಹಿಡಿದ ಯಂತ್ರಕ್ಕೆ ವಿಳಾಸ ಸಿಗುತ್ತದೆ, ಕಡತದ ಹೆಸರು ಸಿಗುವುದಿಲ್ಲ. ಬೆಳಿಗ್ಗೆ ಕಚೇರಿ ತೆರೆದು ರೂಟರ್ ಹಾಕುವ ಮೊದಲು ಈ ಹನ್ನೊಂದೂ ಸರಿ! ಒಮ್ಮೆ ಆಗಿ ಒಮ್ಮೆ ಆಗದ ದೋಷ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ, ಯಾಕೆಂದರೆ ಸಂಶಯ ತನ್ನ ಮೇಲೆಯೇ ತಿರುಗುತ್ತದೆ.

ಕಚೇರಿಯ ರೂಟರ್ ಮುಟ್ಟುವಂತಿರಲಿಲ್ಲ. ಹಾಗಾಗಿ ಸರ್ವರಿನಲ್ಲಿ ಡಿಎಚ್‌ಸಿಪಿ ಉತ್ತರ ಕೊಡುವ ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು ಪ್ರಾಕ್ಸಿ ಡಿಎಚ್‌ಸಿಪಿ ರೀತಿಗೆ ಬದಲಿಸಲು ಹೇಳಲಾಯಿತು: ವಿಳಾಸ ರೂಟರ್ ಕೊಡಲಿ, ಕಡತದ ಹೆಸರನ್ನು ಮಾತ್ರ ಸರ್ವರ್ ಕೊಡಲಿ. ಸರ್ವರಿನ ಫೈರ್‌ವಾಲ್‌ನಲ್ಲಿ ಈ ಕೋರಿಕೆಗಳು ಬರುವ ಯುಡಿಪಿ ಪೋರ್ಟ್ 67, 69, 4011 ತೆರೆದಿರಬೇಕು. 69 ಮುಚ್ಚಿದ್ದರೆ ಇ53 ಹೋಗಿ ಇ32 ಬರುತ್ತದೆ, ಅಂದರೆ ಹೆಸರು ಸಿಕ್ಕಿತು, ಕಡತ ಕಳಿಸುವ ಟಿಎಫ್‌ಟಿಪಿ ಮಾತ್ರ ಉತ್ತರಿಸಲಿಲ್ಲ. ಅದನ್ನು ಕಂಡು ಗಾಬರಿಯಾಗದೆ, ಒಂದು ಮೆಟ್ಟಿಲು ಮುಂದೆ ಬಂದಿದ್ದೇವೆ ಎಂದೇ ಬರೆದಿಟ್ಟುಕೊಳ್ಳಿ ಎಂದೆವು. ನೆಟ್‌ವರ್ಕ್ ಬೂಟಿನ ಮುಕ್ತ ತಂತ್ರಾಂಶವಾದ ಐಪಿಎಕ್ಸ್‌ಇ ಬಳಸುವಾಗ ಇನ್ನೊಂದು ಬಲೆಯಿದೆ: ಅದು ಎದ್ದ ಮೇಲೆ ಮತ್ತೆ ಡಿಎಚ್‌ಸಿಪಿ ಕೇಳಿ, ಮತ್ತೆ ತನ್ನನ್ನೇ ತರಿಸಿಕೊಂಡು ಸುತ್ತುತ್ತಲೇ ಇರುತ್ತದೆ. ಐಪಿಎಕ್ಸ್‌ಇ ತನ್ನ ಡಿಎಚ್‌ಸಿಪಿ ಕೋರಿಕೆಯಲ್ಲಿ ಆಯ್ಕೆ 175 ಎಂಬ ಗುರುತು ಇಡುತ್ತದೆ; ಅದು ಇರುವ ಕೋರಿಕೆಯನ್ನು ಗುರುತಿಸಿ, ಅದಕ್ಕೆ ಬೂಟ್ ಸ್ಕ್ರಿಪ್ಟನ್ನು ಕೊಟ್ಟರೆ ಸುತ್ತು ನಿಲ್ಲುತ್ತದೆ.

ಕಾರ್ಡು ಹಾಕಿದ 6 ಯಂತ್ರಗಳಲ್ಲಿ ಇ61, ಅಂದರೆ ಕೇಬಲ್ ನೋಡಿ ಎಂಬ ಸೂಚನೆ. ಕೇಬಲ್ ಹೊಸ ಕಾರ್ಡಿನಲ್ಲೇ ಇತ್ತು. ಆದರೆ ಬೂಟ್ ಕ್ರಮದಲ್ಲಿ ಮೊದಲಿದ್ದದ್ದು ಸುಟ್ಟ ಪೋರ್ಟ್, ಗೋಳಿಟ್ಟದ್ದೂ ಅದೇ. ಬಯೋಸ್‌ನಲ್ಲಿ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದ ಸೆಟ್ಟಿಂಗ್‌ಗಳಲ್ಲಿ) ಆನ್‌ಬೋರ್ಡ್ ಲ್ಯಾನ್ ನಿಲ್ಲಿಸಿ, ಉಳಿಸಿ ಹೊರಬಂದು, ಮತ್ತೆ ಒಳಹೋಗಿ ಹೊಸ ಕಾರ್ಡನ್ನು ಮೊದಲಿಗೆ ತರಬೇಕು. ಎರಡನೇ ಬಾರಿ ಒಳಹೋಗದೆ ಕಾರ್ಡಿನ ಹೆಸರು ಪಟ್ಟಿಯಲ್ಲಿ ಕಾಣದಿರಬಹುದು. 4 ಕಾರ್ಡು ಕಂಡವು, 2 ಕಾಣಲಿಲ್ಲ: ಅವುಗಳಲ್ಲಿ ನೆಟ್‌ವರ್ಕ್ ಬೂಟಿಗೆ ಬೇಕಾದ ಬೂಟ್ ರೋಮ್ ಚಿಪ್ಪಿನ ಜಾಗ ಖಾಲಿ. ಅದಕ್ಕಾಗಿ ಹೊಸ ಕಾರ್ಡು ಬೇಡ; ಐಪಿಎಕ್ಸ್‌ಇ ಬರೆದ ಹಳೆಯ ಪೆನ್‌ಡ್ರೈವ್ ಹಿಂಬದಿಗೆ ಚುಚ್ಚಿ, ಯುಎಸ್‌ಬಿಯಿಂದ ಬೂಟ್ ಮಾಡಿದರೆ ಆಯಿತು.

ಉಳಿದ 3 ಯುಇಎಫ್‌ಐ ಯಂತ್ರಗಳು, ಅಂದರೆ ಬಯೋಸ್‌ನ ಬದಲು ಅದರ ಹೊಸ ಪೀಳಿಗೆ ಇರುವಂಥವು. ಅಲ್ಲಿ ನೆಟ್‌ವರ್ಕ್ ಸ್ಟ್ಯಾಕ್ ಮತ್ತು ಐಪಿವಿ4 ಪಿಎಕ್ಸ್‌ಇ ಎಂಬ ಸೆಟ್ಟಿಂಗ್‌ಗಳನ್ನು ಚಾಲೂ ಮಾಡಬೇಕು, ಡಿಜಿಟಲ್ ಸಹಿಯಿಲ್ಲದ ಕಡತವಾದರೆ ಅಂಥದ್ದನ್ನು ತಡೆಯುವ ಸೆಕ್ಯೂರ್ ಬೂಟ್ ನಿಲ್ಲಿಸಬೇಕು. ಯಂತ್ರ ಯಾವ ಬಗೆಯದೆಂದು ಅದರ ಡಿಎಚ್‌ಸಿಪಿ ಕೋರಿಕೆಯ ಆಯ್ಕೆ 93 ಹೇಳುತ್ತದೆ: ಅದರಲ್ಲಿ 0 ಬಂದರೆ ಸರ್ವರ್ ಬಯೋಸ್ ಕಡತ ಕೊಡಬೇಕು, 7 ಬಂದರೆ ಇಎಫ್‌ಐ ಕಡತ. ತಪ್ಪು ಕಡತ ಹೋದರೆ ಯಂತ್ರ ಏನೂ ಹೇಳದೆ ಬೂಟ್ ಮೆನುವಿಗೆ ಮರಳುವುದುಂಟು.

ಕೊಟ್ಟ ಸಲಹೆಯ ಇನ್ನೊಂದು ಅರ್ಧ ಹೀಗಿತ್ತು. ಸ್ವಂತ ದುಡ್ಡು ಹಾಕಬೇಡಿ. ಹಾಕಿದರೆ ಆಗದ ತಪ್ಪನ್ನು ಒಪ್ಪಿಕೊಂಡಂತೆ. ಒಂದು ಯಂತ್ರ, ಒಂದು ಕೇಬಲ್, ಒಂದು ಸ್ವಿಚ್ ಇಟ್ಟುಕೊಂಡು ಮೊದಲು ಅದನ್ನು ಎಬ್ಬಿಸಿ. ಒಮ್ಮೆಗೆ ಒಂದೇ ಬದಲಾವಣೆ. ಪ್ರತಿ ಯಂತ್ರದ ಸಂಖ್ಯೆ, ಕಂಡ ದೋಷಸಂಖ್ಯೆ, ಮಾಡಿದ ಕೆಲಸ ಒಂದು ಪುಸ್ತಕದಲ್ಲಿರಲಿ. ಪ್ರಾಂಶುಪಾಲರ ಬಳಿ ಕ್ಷಮೆ ಕೇಳುತ್ತ ಹೋಗಬೇಡಿ, ಆ ಪುಟ ಹಿಡಿದು ಹೋಗಿ: “ಸರ್, ಹನ್ನೊಂದರಲ್ಲಿ ಕಾರ್ಡಿನ ದೋಷವಿಲ್ಲ, ಸರ್ವರಿನ ಜೋಡಣೆಯದು. ಆರರಲ್ಲಿ ಬಯೋಸ್ ಸೆಟ್ಟಿಂಗ್ ಬದಲಿಸಬೇಕು. ಇಷ್ಟು ಸಮಯ ಬೇಕು.” ಈ ಮಾತನ್ನು ನಮ್ಮೆದುರೇ ಹೇಳಿ ಅಭ್ಯಾಸ ಮಾಡಿಸಲಾಯಿತು. ರಾತ್ರಿ ಮನೆಯಿಂದ ಸರ್ವರಿಗೆ ಲಾಗಿನ್ ಆಗುವುದನ್ನು ನಿಲ್ಲಿಸಲು ಹೇಳಿದೆವು. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲು, ನಡುವೆ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ತಿಳಿಸಿದೆವು.

ಮುಂದಿನ ಭೇಟಿಗೆ ಅವರು ತಂದದ್ದು ಬೇರೆ ಪ್ರಶ್ನೆ: ಎಲ್ಲವೂ ಏಳುತ್ತವೆ, ಆದರೆ 20ನ್ನೂ ಒಟ್ಟಿಗೆ ಹಾಕಿದರೆ ತುಂಬ ನಿಧಾನ. ಟಿಎಫ್‌ಟಿಪಿಯ ಮೂಲ ತುಂಡು 512 ಬೈಟ್. 60 ಎಂಬಿ ಕಡತಕ್ಕೆ 1,22,880 ತುಂಡು, ಪ್ರತಿಯೊಂದಕ್ಕೂ ಸ್ವೀಕೃತಿ ಕಾಯಬೇಕು. ಐಪಿಎಕ್ಸ್‌ಇ ಎದ್ದ ಮೇಲೆ ಕರ್ನಲ್ ಮತ್ತು ಇನಿಟ್‌ಆರ್‌ಡಿಯನ್ನು (ಲಿನಕ್ಸ್ ಏಳಲು ಬೇಕಾದ ಎರಡು ದೊಡ್ಡ ಕಡತಗಳು) ವೆಬ್ ಪುಟಗಳು ಬರುವ ವೇಗದ ವಿಧಾನವಾದ ಎಚ್‌ಟಿಟಿಪಿಯಲ್ಲಿ ತರಿಸಲು, ಸರ್ವರನ್ನು ಸ್ವಿಚ್ಚಿನ ಗಿಗಾಬಿಟ್ ಪೋರ್ಟಿಗೆ ಹಾಕಲು, ಯಂತ್ರಗಳನ್ನು ಐದೈದಾಗಿ ಚಾಲೂ ಮಾಡಲು ಸೂಚಿಸಿದೆವು. ರಾಜೀನಾಮೆಯ ಮಾತು ಅಂದು ಬರಲಿಲ್ಲ; ನಿದ್ದೆಯ ವಿಷಯಕ್ಕೆ ಇನ್ನೊಂದು ಭೇಟಿ ನಿಗದಿಯಾಗಿದೆ.