ಕೈಯಲ್ಲಿ ಜಾಸ್ತಿ ದುಡ್ಡಿಲ್ಲದೆ ಫೋಟೋಗ್ರಫಿ ಹವ್ಯಾಸ ಇಟ್ಟುಕೊಳ್ಳಬಹುದಾ?

ನಿಮ್ಮ ಬಳಿ ಇರುವುದು ಕೆಲವು ವರ್ಷ ಹಳೆಯ ಫೋನ್. ತಿಂಗಳ ಕೊನೆಗೆ ಉಳಿಯುವುದು ಅಷ್ಟಕ್ಕಷ್ಟೇ. ಕಂತಿನ ಮೇಲೆ ಕ್ಯಾಮೆರಾ ತಗೊಳ್ಳಲೇ, ಹಳೆಯ ಫಿಲ್ಮ್ ಕ್ಯಾಮೆರಾ ಹುಡುಕಲೇ, ಇಲ್ಲ ಆಸೆಯನ್ನೇ ಬಿಡಲೇ ಅಂತ ಕೇಳಿದ್ದೀರಿ. ಆಸೆ ಬಿಡಬೇಡಿ. ಕಂತು ಮಾತ್ರ ಬೇಡವೇ ಬೇಡ. ಮನಸ್ಸಿನ ಖುಷಿಗೆ ಅಂತ ಹಿಡಿದ ಹವ್ಯಾಸದ ಜೊತೆ ಸಾಲ ಸೇರಿಕೊಂಡರೆ, ಕ್ಯಾಮೆರಾ ಎತ್ತಿಕೊಂಡಾಗಲೆಲ್ಲ ಅದರದ್ದೇ ಚಿಂತೆ. ನಾನು ಮೊದಲಿನಿಂದಲೂ ಕಡಿಮೆ ಖರ್ಚಿನಲ್ಲೇ ಫೋಟೋ ತೆಗೆಯುತ್ತಾ ಬಂದವನು, ಇವತ್ತಿಗೂ ಹಾಗೇ ಇದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಕ್ಯಾಮೆರಾ ನೋಡುವ ಮೊದಲು ಒಂದು ವಿಷಯ ಯೋಚಿಸಿ. ನೀವು ತೆಗೆದ ಫೋಟೋ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ? ಬಹುತೇಕ ಫೋನಿನ ಪರದೆಗೇ ಅಲ್ವಾ? 1080 x 2400 ಪಿಕ್ಸೆಲ್ ಇರುವ ಪರದೆಯಲ್ಲಿ ಇರುವುದು ಒಟ್ಟು 2.6 ಮೆಗಾಪಿಕ್ಸೆಲ್, ಅಂದರೆ ಸುಮಾರು 26 ಲಕ್ಷ ಚುಕ್ಕೆ. ಪ್ರಿಂಟ್ ಹಾಕಿಸುವುದಾದರೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. 2006ರಲ್ಲಿ ಬಂದ ನಿಕಾನ್ ಡಿ40 ಬರೀ 6 ಮೆಗಾಪಿಕ್ಸೆಲ್ ಕ್ಯಾಮೆರಾ. ಅದರ ಫೋಟೋದಿಂದಲೂ 10 ಇಂಚು ಅಗಲದ ಒಳ್ಳೆಯ ಪ್ರಿಂಟ್ ಬರುತ್ತದೆ. 12 ಮೆಗಾಪಿಕ್ಸೆಲ್ ಫೋನಿನ ಫೋಟೋ 13 ಇಂಚಿನವರೆಗೂ ಹೋಗುತ್ತದೆ. ಹೀಗೆ ಕೊನೆಯಿಂದ ಲೆಕ್ಕ ಹಾಕಿದರೆ ನಿಮಗೆ ಎಷ್ಟು ಕ್ಯಾಮೆರಾ ಸಾಕು ಅಂತ ನಿಮಗೇ ಗೊತ್ತಾಗುತ್ತದೆ. ಅಂಗಡಿಯವರು ಹೇಳುವುದಕ್ಕಿಂತ ತುಂಬಾ ಕಡಿಮೆಯೇ ಸಾಕು.

ಹಾಗಾಗಿ ಸದ್ಯಕ್ಕೆ ಫೋನಿನಲ್ಲೇ ಶುರು ಮಾಡಿ. ಮೊದಲು ಅದರ ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಫೋಟೋ ಮಂಜು ಮಂಜಾಗಿ ಬರುವುದಕ್ಕೆ ಎಷ್ಟೋ ಸಲ ಬೆರಳಿನ ಜಿಡ್ಡೇ ಕಾರಣ. ಫೋನಿನ ಕ್ಯಾಮೆರಾಗಳು ಸಾಮಾನ್ಯವಾಗಿ ಜಾಸ್ತಿ ಬೆಳಕು ತಗೊಂಡುಬಿಡುತ್ತವೆ. ಆಕಾಶ, ಬಿಳಿ ಅಂಗಿ ಇವೆಲ್ಲ ಸುಣ್ಣ ಬಳಿದ ಹಾಗೆ ಆಗುತ್ತವೆ. ಅದಕ್ಕೇ ಪರದೆ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕತ್ತಲಾದ ಭಾಗವನ್ನು ಆಮೇಲೆ ಒಂದಿಷ್ಟು ಬೆಳಗಿಸಬಹುದು. ಪೂರ್ತಿ ಬಿಳಿಯಾದ ಜಾಗದಲ್ಲಿ ವಾಪಸ್ ತರಲು ಏನೂ ಉಳಿದಿರುವುದಿಲ್ಲ.

ಇನ್ನು ಬೆಳಕು. ಇಡೀ ಹವ್ಯಾಸದಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ, ಮತ್ತು ಇದಕ್ಕೆ ದುಡ್ಡೇ ಬೇಕಿಲ್ಲ. ಮನೆಯಲ್ಲಿ ಒಂದು ಕಿಟಕಿ ಆರಿಸಿಕೊಳ್ಳಿ. ನೇರ ಬಿಸಿಲು ಒಳಗೆ ಬೀಳದ ಹೊತ್ತು ನೋಡಿ. ಮನೆಯವರನ್ನು ಯಾರನ್ನಾದರೂ ಕಿಟಕಿಯ ಪಕ್ಕ ಕೂರಿಸಿ, ಒಳಗಿನ ದೀಪ ಎಲ್ಲ ಆರಿಸಿ. ದೀಪದ ಹಳದಿ ಬೆಳಕು, ಹೊರಗಿನ ಬಿಳಿ ಬೆಳಕು ಎರಡೂ ಸೇರಿದರೆ ಮುಖದ ಬಣ್ಣ ಕೆಡುತ್ತದೆ. ಈಗ ಅವರಿಗೆ ಮುಖ ಪೂರ್ತಿ ಕಿಟಕಿ ಕಡೆ ತಿರುಗಿಸಲು ಹೇಳಿ, ಒಂದು ಫೋಟೋ ತೆಗೆಯಿರಿ. ಆಮೇಲೆ ಅರ್ಧ ತಿರುಗಿಸಿ. ಆಮೇಲೆ ಒಂದೆರಡು ಹೆಜ್ಜೆ ಒಳಗೆ ಕೂರಿಸಿ. ಅದೇ ಮುಖ ಪ್ರತಿ ಸಲವೂ ಬೇರೆಯಾಗಿ ಕಾಣುತ್ತದೆ. ಕಿಟಕಿಗೆ ಹತ್ತಿರ ಇದ್ದಷ್ಟೂ ಬೆಳಕು ಮೆದು, ಹಿಂದಿನ ಗೋಡೆ ಅಷ್ಟೇ ಕತ್ತಲು. ನೆರಳು ತೀರಾ ಗಾಢ ಅನಿಸಿದರೆ ಆ ಕಡೆ ಬಿಳಿ ಹಾಳೆಯನ್ನೋ ಥರ್ಮಾಕೋಲ್ ತುಂಡನ್ನೋ ಹಿಡಿಯಿರಿ. ದೊಡ್ಡ ಸ್ಟುಡಿಯೋಗಳಲ್ಲಿ ದುಬಾರಿ ರಿಫ್ಲೆಕ್ಟರ್ ಮಾಡುವುದೂ ಇದೇ ಕೆಲಸವನ್ನು. ಒಂದೇ ಕಿಟಕಿಯನ್ನು ಬೆಳಗ್ಗೆ, ಮಧ್ಯಾಹ್ನ, ಮಳೆಮೋಡದ ದಿನ ನೋಡುತ್ತಾ ಹೋಗಿ. ಸ್ವಲ್ಪ ದಿನ ಕಳೆದರೆ ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಕಣ್ಣು ಬೆಳಕನ್ನೇ ಹುಡುಕುತ್ತಿರುತ್ತದೆ. ಬಸ್ಸಿನಲ್ಲಿ ಎದುರು ಕೂತವರ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ನಾನು ಈಗಲೂ ನೋಡುತ್ತಾ ಕೂರುತ್ತೇನೆ.

ಫೋನು ಸೋಲುವ ಜಾಗಗಳೂ ಇವೆ. ದೂರದ ಹಕ್ಕಿ, ಮಂಕು ಬೆಳಕಿನಲ್ಲಿ ಓಡುವ ಮಗು, ಇವು ಅದರ ಕೈಗೆ ಸಿಗುವುದು ಕಷ್ಟ. ನಿಮಗೆ ನಿಜವಾಗಿಯೂ ಬೇಕಿರುವುದು ಅಂಥ ಫೋಟೋಗಳೇ ಅಂತ ಖಚಿತವಾದಾಗ ಮಾತ್ರ ಕ್ಯಾಮೆರಾ ನೋಡಿ. ಅದೂ ಸೆಕೆಂಡ್ ಹ್ಯಾಂಡ್. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಒಳಗೆ ಕನ್ನಡಿ ಇಲ್ಲದ, ದೊಡ್ಡ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಇರುವ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತಂದವು. ಆಮೇಲೆ ಹೆಚ್ಚಿನವರು ಆ ಕಡೆ ಹೋದರು. ಅವರು ಬಿಟ್ಟ, ಒಳಗೆ ಕನ್ನಡಿ ಇರುವ ಹಳೆಯ ಮಾದರಿಯ ಡಿಎಸ್‌ಎಲ್‌ಆರ್‌ಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಬೆಲೆ ಇಳಿಯಿತು ಅಂತ ಫೋಟೋ ಏನೂ ಕೆಟ್ಟು ಬರುವುದಿಲ್ಲ.

ಕೊಳ್ಳುವಾಗ ಅವಸರ ಮಾಡಬೇಡಿ. ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಟಾರ್ಚ್ ಹಾಕಿ ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅದನ್ನು ಕೊಳ್ಳಬೇಡಿ. ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ಎಫ್/16ಕ್ಕೆ ಇಟ್ಟು, ಅಂದರೆ ಚೆನ್ನಾಗಿ ಕಿರಿದು ಮಾಡಿ, ಆಕಾಶದ ಫೋಟೋ ತೆಗೆಯಿರಿ, ಸೆನ್ಸರ್ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳಾದರೆ ಸ್ವಚ್ಛ ಮಾಡಿಸಬಹುದು. ಶಟರ್, ಅಂದರೆ ಪ್ರತಿ ಫೋಟೋಗೂ ತೆರೆದು ಮುಚ್ಚುವ ತೆರೆ, ಇದುವರೆಗೆ ಎಷ್ಟು ಸಲ ಕೆಲಸ ಮಾಡಿದೆ ಅಂತ ಕೇಳಿ. ನಿಕಾನ್ ಡಿ90ರಂಥ ಕ್ಯಾಮೆರಾದ ಶಟರನ್ನು 1 ಲಕ್ಷ ಸಲ ಪರೀಕ್ಷಿಸಿಯೇ ಮಾರಿದ್ದರು. ಇನ್ನೊಂದು ವಿಷಯ ಮಾರುವವರು ಹೇಳದೇ ಇರಬಹುದು. ಡಿ40, ಡಿ3000 ತರಹದ ಚಿಕ್ಕ ನಿಕಾನ್‌ಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಇಲ್ಲದ ಹಳೆಯ ಆಟೋಫೋಕಸ್ ಲೆನ್ಸ್ ಹಾಕಿದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಕ್ಯಾನನ್‌ನ ಇಎಫ್ ಲೆನ್ಸುಗಳಲ್ಲಿ ಈ ತಾಪತ್ರಯ ಇಲ್ಲ. 1987ರಿಂದಲೂ ಅವರು ಆಟೋಫೋಕಸ್ ಮೋಟಾರನ್ನು ಲೆನ್ಸ್ ಒಳಗೇ ಇಟ್ಟಿದ್ದಾರೆ.

ಕ್ಯಾಮೆರಾ ಬಂದ ಮೇಲೆ ಒಂದೇ ಒಂದು ಲೆನ್ಸ್ ಕೊಳ್ಳುವಷ್ಟು ಉಳಿದರೆ, 50 ಎಂಎಂ ಎಫ್/1.8 ತಗೊಳ್ಳಿ. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಕ್ಯಾಮೆರಾ ಜೊತೆ ಬರುವ 18-55 ಜೂಮ್ ಲೆನ್ಸು, ಪೂರ್ತಿ ಜೂಮ್ ಮಾಡಿದಾಗ, ಅಂದರೆ 55ರ ತುದಿಯಲ್ಲಿ, ಎಫ್/5.6ರಷ್ಟೇ ತೆರೆಯುತ್ತದೆ. ಅದಕ್ಕಿಂತ ಇದು ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಚಿಕ್ಕ ಕೋಣೆಯಲ್ಲಿ ಸ್ವಲ್ಪ ಇಕ್ಕಟ್ಟಾಗುತ್ತದೆ, ಹಿಂದೆ ಹಿಂದೆ ಸರಿಯಬೇಕಾಗುತ್ತದೆ ನಿಜ. ಮುಖಗಳಿಗೆ ಮಾತ್ರ ಈ ಬೆಲೆಯಲ್ಲಿ ಇದಕ್ಕೆ ಸಾಟಿ ಇಲ್ಲ.

ತಿದ್ದುವ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ. ಕಂಪ್ಯೂಟರ್ ಇದ್ದರೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ, ಫೋನಾದರೆ ಸ್ನ್ಯಾಪ್‌ಸೀಡ್. ಎಲ್ಲವೂ ಉಚಿತ.

ಹೀಗೆ ಉಳಿಸಿದ ದುಡ್ಡಿನಲ್ಲಿ ಸ್ವಲ್ಪವನ್ನು ಪ್ರಿಂಟಿಗೆ ಎತ್ತಿಡಿ. ಬೇರೆಯವರು ಇದನ್ನು ಕೊನೆಗೆ ಇಡುತ್ತಾರೆ, ನಾನು ಲೆನ್ಸಿಗಿಂತ ಮೊದಲು ಇಡುತ್ತೇನೆ. ತಿಂಗಳಿಗೆ ಒಂದೆರಡು ಸಾಕು, ಸಣ್ಣ ಅಳತೆಯಾದರೂ ಪರವಾಗಿಲ್ಲ. ಯಾವುದನ್ನು ಹಾಕಿಸಲಿ ಅಂತ ಸಾಲಾಗಿ ನೋಡುವಾಗಲೇ ಸುಮ್ನೆ ತೆಗೆದದ್ದು ಯಾವುದು, ನೋಡಿ ತೆಗೆದದ್ದು ಯಾವುದು ಅಂತ ಗೊತ್ತಾಗುತ್ತದೆ. ಗೋಡೆಗೆ ಅಂಟಿಸಿದ ಮೇಲೆ ದಿನವೂ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಇಣುಕುವ ಅರ್ಧ ತಲೆ, ವಾಲಿದ ಬಾಗಿಲು, ಇವೆಲ್ಲ ಆಗ ಕಾಣುತ್ತವೆ. ಮುಂದಿನ ಸಲ ಕ್ಲಿಕ್ ಮಾಡುವ ಮೊದಲು ಕಣ್ಣು ತಾನಾಗೇ ಮೂಲೆಗಳಿಗೆ ಹೋಗುತ್ತದೆ. ಪ್ರಿಂಟನ್ನು ಫೋಟೋದಲ್ಲಿ ಇದ್ದವರಿಗೇ ಕೊಟ್ಟು ನೋಡಿ. ಅವರು ಅದನ್ನು ಜೋಪಾನವಾಗಿ ಎತ್ತಿಡುವುದನ್ನು ಕಂಡಾಗ ಆಗುವ ಸಂತೋಷ ನನಗೆ ಯಾವ ಲೈಕಿನಿಂದಲೂ ಸಿಕ್ಕಿಲ್ಲ.

ಫಿಲ್ಮ್ ಕ್ಯಾಮೆರಾ ಬಗ್ಗೆ ಕೇಳಿದ್ದಿರಿ. ಕ್ಯಾಮೆರಾ ಅಗ್ಗಕ್ಕೆ ಸಿಗಬಹುದು, ಆದರೆ ಒಂದು ರೋಲಿಗೆ 36 ಫೋಟೋ ಮಾತ್ರ. ರೋಲ್, ಡೆವಲಪ್, ಸ್ಕ್ಯಾನ್ ಅಂತ ಪ್ರತಿ ಸಲವೂ ಖರ್ಚು. ಕೈ ಬಿಗಿ ಇರುವಾಗ ಅದು ಬೇಡ. ಆದರೆ ನೆಂಟರ ಮನೆಯ ಕಪಾಟಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇದ್ದರೆ ಅದರ ಲೆನ್ಸನ್ನು ಕೇಳಿ ಇಸ್ಕೊಳ್ಳಿ. ಎಂ42 ಅನ್ನುವ ಸ್ಕ್ರೂ ಮಾದರಿಯ ಲೆನ್ಸಾದರೆ, ಒಂದು ಸಾದಾ ಲೋಹದ ಅಡಾಪ್ಟರ್ ಹಾಕಿ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಜೋಡಿಸಬಹುದು. ನಿಕಾನ್‌ಗೂ ಅಡಾಪ್ಟರ್ ಸಿಗುತ್ತದೆ, ಆದರೆ ಅದರೊಳಗೆ ಗಾಜು ಇಲ್ಲದಿದ್ದರೆ ದೂರದ್ದು ಫೋಕಸ್ ಆಗುವುದಿಲ್ಲ. ಇಂಥ ಲೆನ್ಸಿನಲ್ಲಿ ಫೋಕಸ್, ಅಪರ್ಚರ್ ಎರಡನ್ನೂ ಕೈಯಲ್ಲೇ ತಿರುಗಿಸಬೇಕು. ಮೊದಮೊದಲು ನಿಧಾನ ಆಗುತ್ತದೆ. ಒಂದು ತೆಗೆಯಿರಿ, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, ಸರಿಮಾಡಿಕೊಂಡು ಇನ್ನೊಂದು ತೆಗೆಯಿರಿ. ಇದಕ್ಕೆ ರೋಲ್ ಖರ್ಚಿಲ್ಲ.